ನಾಲ್ಕು ಮಿಲಿಮೀಟರಿನ ಉಸಿರು

ಪೆಡಲ್ ಮೇಲಿಂದ ಕಾಲು ತೆಗೆದರೂ ಕಾರಿನ ಎಂಜಿನ್ ಆರದಂತೆ ಕಾಯುವ ಪುಟ್ಟ ಕವಾಟವೊಂದಿದೆ. ಆ ಕವಾಟಕ್ಕೆ ಕೈಯಾರೆ ಒಂದು ಮನೆ ಕಟ್ಟುವ ಕೆಲಸ, ಪುಸ್ತಕದ ವಿಜ್ಞಾನವನ್ನೂ ಲೇತ್ ಯಂತ್ರದ ಕಸುಬನ್ನೂ ಒಂದೇ ಮೇಜಿನ ಮೇಲೆ ತಂದಿಡುತ್ತದೆ.

ಬಳ್ಳಾರಿಯ ಬೇಸಿಗೆಯಲ್ಲಿ ಕಾರು ಹತ್ತಿದವರು ಮಾಡುವ ಮೊದಲ ಕೆಲಸ ಎ.ಸಿ. ಗುಂಡಿ ಒತ್ತುವುದು. ಪಾರ್ವತಿನಗರದ ಯಾವುದೇ ಮನೆಯ ಮುಂದೆ ಕಾರು ಚಾಲೂ ಆಗಿ ನಿಂತಿರುವಾಗ ಕಿವಿಗೊಟ್ಟು ಕೇಳಿದರೆ ಒಂದು ಸೋಜಿಗ ತಿಳಿಯುತ್ತದೆ. ಗುಂಡಿ ಒತ್ತಿದೊಡನೆ ಎಂಜಿನ್ನಿನ ದನಿ ಒಂದು ಕ್ಷಣ ಕುಗ್ಗುತ್ತದೆ; ಮರುಕ್ಷಣವೇ ಚೇತರಿಸಿಕೊಂಡು ಮೊದಲಿನ ಹದಕ್ಕೆ ಬರುತ್ತದೆ. ಚಾಲಕ ಪೆಡಲ್ ಮುಟ್ಟಿಲ್ಲ. ಹಾಗಾದರೆ ಬಿದ್ದುಹೋಗುತ್ತಿದ್ದ ಎಂಜಿನ್ನನ್ನು ಎತ್ತಿ ಹಿಡಿದವರು ಯಾರು?

ಪೆಟ್ರೋಲ್ ಎಂಜಿನ್ನಿನ ಗಾಳಿಕೊಳವೆಯಲ್ಲಿ ಒಂದು ತಟ್ಟೆಯಂಥ ಬಾಗಿಲಿರುತ್ತದೆ. ಅದೇ ಥ್ರಾಟಲ್. ಪೆಡಲ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಗಾಳಿ ನುಗ್ಗುತ್ತದೆ, ವೇಗ ಏರುತ್ತದೆ. ಕಾಲು ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ಪೂರ್ತಿ ಮುಚ್ಚಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆದ್ದರಿಂದ ಬಾಗಿಲನ್ನು ಬಳಸಿಕೊಂಡು ಹೋಗುವ ಒಂದು ಕಿರುದಾರಿಯನ್ನು ಬಿಟ್ಟಿರುತ್ತಾರೆ. ಆ ಕಿರುದಾರಿಯಲ್ಲಿ ಕುಳಿತು, ಎಷ್ಟು ಗಾಳಿ ಬಿಡಬೇಕೆಂದು ಸದಾ ಅಳೆದು ಸುರಿಯುವುದೇ ಐಡ್ಲಿಂಗ್ ಕವಾಟ; ತಾಂತ್ರಿಕ ಹೆಸರು ಐಡಲ್ ಏರ್ ಕಂಟ್ರೋಲ್ ವಾಲ್ವ್. ಎ.ಸಿ., ಹೆಡ್‌ಲೈಟ್, ರೇಡಿಯೇಟರ್ ಫ್ಯಾನು ಹೀಗೆ ಒಂದೊಂದು ಹೊರೆ ಬಿದ್ದಾಗಲೂ ಅದು ಒಂದಿಷ್ಟು ತೆರೆದುಕೊಳ್ಳುತ್ತದೆ.

ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಗದ್ದೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಈ ಹದ ಹೊಸದೇನಲ್ಲ. ಹೊರೆ ಬಿದ್ದಾಗ ಟ್ರ್ಯಾಕ್ಟರಿನ ದನಿ ತಗ್ಗಿ ಮತ್ತೆ ಏರುವುದನ್ನು ಅವರು ಚಿಕ್ಕಂದಿನಿಂದ ಕೇಳಿರುತ್ತಾರೆ. ಆದರೆ ಅಲ್ಲಿನ ಕಥೆ ಬೇರೆ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನಲ್ಲಿ ವೇಗವನ್ನು ಗಾಳಿಯ ಬಾಗಿಲಿನಿಂದ ಹಿಡಿತದಲ್ಲಿ ಇಡುವುದಿಲ್ಲ. ಗವರ್ನರ್ ಎಂಬ ಭಾಗ ಎಣ್ಣೆಯ ಪ್ರಮಾಣವನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಮೊದಲು ಗಾಳಿ, ಅದಕ್ಕೆ ತಕ್ಕಂತೆ ಪೆಟ್ರೋಲು.

ತಿರುಪಿನಿಂದ ಗಣಕದವರೆಗೆ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರಲ್ಲಿ ಇದ್ದದ್ದು ಕಾರ್ಬ್ಯುರೇಟರ್. ಐಡ್ಲಿಂಗ್ ಹದ ಮಾಡುವುದೆಂದರೆ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ದನಿ ಕೇಳುತ್ತಾ ಒಂದು ತಿರುಪನ್ನು ಹಿಂದೆ ಮುಂದೆ ತಿರುಗಿಸುವುದು. ಬೆಳಗಿನ ಚಳಿಗೆ ಒಂದು ಹದವಾದರೆ ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು. ತಿರುಪಿಗೆ ಬುದ್ಧಿಯಿಲ್ಲ, ಮೇಸ್ತ್ರಿಯ ಕಿವಿಯೇ ಅದರ ಬುದ್ಧಿ.

2000ರಲ್ಲಿ ದೇಶದಾದ್ಯಂತ ಹೊಸ ಹೊಗೆ ನಿಯಮಗಳು ಜಾರಿಗೆ ಬಂದ ಹೊತ್ತಿಗೆ ಕಾರುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಪೆಟ್ರೋಲ್ ಇಂಜೆಕ್ಷನ್ ಬರತೊಡಗಿತ್ತು. ಎಂಜಿನ್ನಿನ ಶಾಖ, ವೇಗ, ಗಾಳಿಯ ಒತ್ತಡ ಎಲ್ಲವನ್ನೂ ಗಮನಿಸುವ ಒಂದು ಪುಟ್ಟ ಗಣಕ, ಅಂದರೆ ಇಸಿಯು, ಐಡ್ಲಿಂಗ್ ಕವಾಟವನ್ನೂ ತನ್ನ ವಶಕ್ಕೆ ತೆಗೆದುಕೊಂಡಿತು. ದ್ವಿಚಕ್ರ ವಾಹನಗಳ ಸರದಿ ತಡವಾಗಿ ಬಂತು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಇಂಜೆಕ್ಷನ್ ತಂತ್ರದೊಂದಿಗೆ ಬಂದರೂ, ಎಲ್ಲ ಕಂಪನಿಗಳೂ ಆ ದಾರಿ ಹಿಡಿದದ್ದು 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ.

ಇತ್ತೀಚಿನ ಕಾರುಗಳಲ್ಲಿ ಥ್ರಾಟಲ್ ಬಾಗಿಲನ್ನೇ ವಿದ್ಯುತ್ ಮೋಟರ್ ತೆರೆದು ಮುಚ್ಚುತ್ತದೆ. ಹಾಗಾಗಿ ಪ್ರತ್ಯೇಕ ಐಡ್ಲಿಂಗ್ ಕವಾಟ ಬೇಕಿಲ್ಲ. ಆದರೆ ಹಳೆಯ ಕಾರುಗಳಲ್ಲಿ, ಓಟದ ಕಾರುಗಳಲ್ಲಿ, ಕಾಲೇಜಿನ ಪ್ರಯೋಗಶಾಲೆಯ ಎಂಜಿನ್ನುಗಳಲ್ಲಿ ಅದು ಇನ್ನೂ ಜೀವಂತವಾಗಿದೆ.

ಗಣಕ ಸಿಕ್ಕಿತು, ಮನೆ ಎಲ್ಲಿ?

ಕಂಪನಿ ಕೊಟ್ಟ ಇಸಿಯು ಬೀಗ ಹಾಕಿದ ಪೆಟ್ಟಿಗೆಯಂತೆ. ಒಳಗಿನ ಲೆಕ್ಕ ಬದಲಿಸಲು ಬಿಡುವುದಿಲ್ಲ. ಆದ್ದರಿಂದ ಎಂಜಿನ್ ಮೇಲೆ ಪ್ರಯೋಗ ಮಾಡುವವರು ಹೊರಗಿನಿಂದ ಬೇರೆ ಇಸಿಯು ತಂದು ಹಾಕುತ್ತಾರೆ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ‘ಮೆಗಾಸ್ಕ್ವರ್ಟ್’ ಹೀಗೆ ಆಸಕ್ತರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಾದ ಇಸಿಯು. ಆರ್ಡುಯಿನೊ ಎಂಬ ಅಗ್ಗದ ಫಲಕದ ಮೇಲೆ ಓಡುವ ‘ಸ್ಪೀಡುಯಿನೊ’ ಇನ್ನೊಂದು. ಇದರ ನಕ್ಷೆ, ತಂತ್ರಾಂಶ ಎರಡೂ ಎಲ್ಲರಿಗೂ ಮುಕ್ತ.

ಗಣಕವನ್ನೇನೋ ಕೊಳ್ಳಬಹುದು. ಐಡ್ಲಿಂಗ್ ಕವಾಟವೂ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಸಿಗದೇ ಇರುವುದು ಆ ಕವಾಟ ಕೂರಲು ಜಾಗ. ಕಾರ್ಬ್ಯುರೇಟರಿದ್ದ ಹಳೆಯ ಎಂಜಿನ್ನಿಗೆ ಇಂಜೆಕ್ಷನ್ ಅಳವಡಿಸಿದರೆ, ಅಥವಾ ಒಂದೊಂದು ಸಿಲಿಂಡರಿಗೂ ಒಂದೊಂದು ಥ್ರಾಟಲ್ ಇಟ್ಟರೆ, ಗಾಳಿಯ ಕಿರುದಾರಿಯೇ ಇರುವುದಿಲ್ಲ. ಆಗ ಅಲ್ಯೂಮಿನಿಯಂ ತುಂಡೊಂದನ್ನು ಕೊರೆದು ಕವಾಟಕ್ಕೆ ಮನೆ ಮಾಡಿಕೊಡಬೇಕು. ಗಾಳಿ ಬರಲು ಒಂದು ಬಾಯಿ, ಹೋಗಲು ಒಂದು ಬಾಯಿ, ನಡುವೆ ಕವಾಟದ ಶಂಕುವಿನಾಕಾರದ ತುದಿ ಬಂದು ಕೂರುವ ಗದ್ದುಗೆ. ನೋಡಲು ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಅಷ್ಟೆ.

ಲೆಕ್ಕ ಮೊದಲು, ಲೇತ್ ಆಮೇಲೆ

ಆ ದಾರಿ ಎಷ್ಟು ಅಗಲವಿರಬೇಕು? ಪಿಯುಸಿ ಭೌತಶಾಸ್ತ್ರ ಓದಿದವರು ಲೆಕ್ಕ ಹಾಕಬಹುದು. 1000 ಘನ ಸೆಂಟಿಮೀಟರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಅದು ಒಂದು ಲೀಟರಿನಷ್ಟು ಜಾಗವನ್ನು ತುಂಬಿಕೊಳ್ಳುತ್ತದೆ. ಅಂದರೆ ನಿಮಿಷಕ್ಕೆ 400 ಲೀಟರ್. ಆದರೆ ಬಾಗಿಲು ಮುಚ್ಚಿರುವುದರಿಂದ ಒಳಗಿನ ಒತ್ತಡ ಹೊರಗಿನದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಸಿಲಿಂಡರಿನಲ್ಲಿ ಸುಟ್ಟುಳಿದ ಅನಿಲವೂ ಒಂದಿಷ್ಟು ಜಾಗ ಹಿಡಿಯುತ್ತದೆ. ಇವನ್ನೆಲ್ಲ ಕಳೆದರೆ ಹೊರಗಿನಿಂದ ಒಳಬರುವ ಗಾಳಿ ನಿಮಿಷಕ್ಕೆ ನೂರು ಲೀಟರಿನ ಆಸುಪಾಸು, ತೂಕದಲ್ಲಿ ಸೆಕೆಂಡಿಗೆ ಸುಮಾರು ಎರಡು ಗ್ರಾಂ.

ಇನ್ನು ಸ್ವಾರಸ್ಯದ ಸಂಗತಿ. ರಂಧ್ರದ ಆಚೆಗಿನ ಒತ್ತಡ ಈಚೆಗಿನ ಒತ್ತಡದ ಸುಮಾರು ಅರ್ಧಕ್ಕಿಂತ ಕೆಳಗಿಳಿದರೆ, ಅತಿ ಇಕ್ಕಟ್ಟಾದ ಕಡೆ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಎಂಜಿನ್ ಎಷ್ಟೇ ಜಗ್ಗಿದರೂ ಅದಕ್ಕಿಂತ ಹೆಚ್ಚು ಗಾಳಿ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಆಗುವುದು ಇದೇ. ಆ ಲೆಕ್ಕದಂತೆ ಸೆಕೆಂಡಿಗೆ ಎರಡು ಗ್ರಾಂ ಗಾಳಿಗೆ ಬೇಕಾದ ರಂಧ್ರದ ಅಡ್ಡಳತೆ ನಾಲ್ಕು ಮಿಲಿಮೀಟರಿಗಿಂತ ಕಡಿಮೆ! ನಾಲ್ಕೈದು ಜನರನ್ನು ಹೊತ್ತು ನಿಂತ ಕಾರಿನ ಇಡೀ ಉಸಿರು ಒಂದು ಪೆನ್ಸಿಲಿಗಿಂತ ಸಣ್ಣ ತೂತಿನಲ್ಲಿ ಹಾದುಹೋಗುತ್ತದೆ.

ತೂತಿನ ವಿಸ್ತೀರ್ಣ ಅಡ್ಡಳತೆಯ ವರ್ಗದಂತೆ ಬೆಳೆಯುತ್ತದೆ ಎಂಬುದು ಹೈಸ್ಕೂಲಿನ ಪಾಠ. ನಾಲ್ಕರ ಬದಲು ಐದು ಮಿ.ಮೀ. ಡ್ರಿಲ್ ಬಿಟ್ ಹಾಕಿದರೆ ಗಾಳಿ ಒಂದೂವರೆ ಪಟ್ಟನ್ನೂ ಮೀರುತ್ತದೆ. ಎಂಟು ಮಿ.ಮೀ. ಹಾಕಿದರೆ ನಾಲ್ಕು ಪಟ್ಟು. ‘ಒಂದಿಷ್ಟು ದೊಡ್ಡದಿರಲಿ ಬಿಡಿ’ ಎಂಬ ಮಾತಿಗೆ ಇಲ್ಲಿ ಬೆಲೆ ತೆರಬೇಕಾಗುತ್ತದೆ.

ಬಳ್ಳಾರಿಯ ಹವೆಗೂ ಲೆಕ್ಕದಲ್ಲಿ ಪಾಲುಂಟು. ಊರು ಸಮುದ್ರಮಟ್ಟಕ್ಕಿಂತ ಸುಮಾರು 490 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಮಂಗಳೂರಿನ ಕಡಲತೀರಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ. ಬಿಸಿಲು 42 ಡಿಗ್ರಿ ಮುಟ್ಟಿದಾಗ, 20 ಡಿಗ್ರಿಯ ಬೆಳಗಿಗೆ ಹೋಲಿಸಿದರೆ ಗಾಳಿ ಇನ್ನೂ ನೂರಕ್ಕೆ ಏಳರಷ್ಟು ತೆಳುವಾಗುತ್ತದೆ. ಬೇರೆ ಊರಿನವರು ಹೇಳಿದ ಅಳತೆ ಇಲ್ಲಿಗೆ ಹಾಗೆಯೇ ಹೊಂದುತ್ತದೆಂದು ನಂಬುವಂತಿಲ್ಲ.

ಮನೆ ಕಟ್ಟುವ ಬಗೆ

ಮೊದಲ ಸಾಧನ ಲೇತ್ ಅಲ್ಲ, ವರ್ನಿಯರ್. ಕವಾಟದ ತಲೆಯ ಅಗಲ, ಸ್ಕ್ರೂ ತೂತುಗಳ ನಡುವಿನ ಅಂತರ, ಓರಿಂಗ್ ಕೂರುವ ಭಾಗದ ಅಡ್ಡಳತೆ, ಶಂಕುವಿನ ಕೋನ, ತುದಿ ಹಿಂದೆ ಮುಂದೆ ಸರಿಯುವ ದೂರ ಇವನ್ನೆಲ್ಲ ಮೂರು ಮೂರು ಸಲ ಅಳೆದು ಬರೆದುಕೊಳ್ಳಬೇಕು. ಆಮೇಲೆ ಕಾಗದದ ಮೇಲೆ ನಕ್ಷೆ. ನಕ್ಷೆಯಲ್ಲಿ ಇಲ್ಲದ ಅಳತೆಯನ್ನು ಟರ್ನರ್ ಊಹಿಸಬೇಕಾಗುತ್ತದೆ. ಕೆಲಸ ಕೆಡುವುದು ಅಲ್ಲೇ.

ಲೋಹಕ್ಕೆ 6061 ಅಥವಾ 6082 ದರ್ಜೆಯ ಅಲ್ಯೂಮಿನಿಯಂ ಒಳ್ಳೆಯದು. ಹಗುರ, ಸಲೀಸಾಗಿ ಕತ್ತರಿಸುತ್ತದೆ. ಮೂರು ಆಯಾಮದ ಮುದ್ರಣಯಂತ್ರದಲ್ಲಿ ಪ್ಲಾಸ್ಟಿಕ್ ಮಾದರಿ ಮಾಡಿ ಹೊಂದಾಣಿಕೆ ನೋಡಬಹುದು. ಆದರೆ ಅದನ್ನೇ ಎಂಜಿನ್ನಿಗೆ ಕಟ್ಟಬಾರದು. ಆ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಸುಮಾರಿಗೇ ಮೆತ್ತಗಾಗುತ್ತದೆ. ಎಂಜಿನ್ನಿನ ಪಕ್ಕದ ಶಾಖ ಅದಕ್ಕಿಂತ ಹೆಚ್ಚು.

ಕವಾಟ ಕೂರುವ ಕುಳಿ ಮತ್ತು ಗದ್ದುಗೆಯ ತೂತು ಒಂದೇ ನೇರದಲ್ಲಿ ಇರಬೇಕು. ಇದಕ್ಕಾಗಿ ತುಂಡನ್ನು ಒಮ್ಮೆ ಚಕ್‌ನಲ್ಲಿ ಹಿಡಿದರೆ ಎರಡನ್ನೂ ಮುಗಿಸಿಯೇ ಬಿಚ್ಚುವುದು ಕಸುಬುದಾರರ ಪದ್ಧತಿ. ಬಿಚ್ಚಿ ಮತ್ತೆ ಹಿಡಿದರೆ ಕೂದಲೆಳೆಯಷ್ಟಾದರೂ ಪಕ್ಕಕ್ಕೆ ಸರಿಯುತ್ತದೆ. ಓರಿಂಗ್‌ಗೆ ತೋಡುವ ಗಾಡಿಯ ಆಳ ಅದರ ದಪ್ಪಕ್ಕಿಂತ ತುಸು ಕಡಿಮೆ ಇರಬೇಕು, 2.5 ಮಿ.ಮೀ. ದಪ್ಪದ ಓರಿಂಗ್‌ಗೆ ಸುಮಾರು 2 ಮಿ.ಮೀ. ಆಳ. ಹೀಗಿದ್ದರೆ ರಬ್ಬರು ಹಿತವಾಗಿ ಅಮುಕಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಐದು ಮಿ.ಮೀ. ಸ್ಕ್ರೂ ಹಾಕುವಲ್ಲಿ 4.2 ಮಿ.ಮೀ. ತೂತು ಕೊರೆದು, ಎಣ್ಣೆ ಬಿಟ್ಟು, ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸುತ್ತಾ ಟ್ಯಾಪ್ ಹೊಡೆಯಬೇಕು.

ನಾಲ್ಕು ತಂತಿಯ ಸ್ಟೆಪರ್ ಮಾದರಿಯ ಕವಾಟ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತದೆ. ತಾನು ಎಲ್ಲಿದ್ದೇನೆಂದು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಇಸಿಯು ಅದನ್ನು ಮೊದಲು ಗದ್ದುಗೆಗೆ ತಾಗುವವರೆಗೆ ಮುಚ್ಚಿಸಿ, ಅಲ್ಲಿಂದ ಹೆಜ್ಜೆ ಎಣಿಸುತ್ತದೆ. ಗದ್ದುಗೆಯ ಆಳ ತಪ್ಪಿದರೆ ಎಣಿಕೆಯೆಲ್ಲ ತಪ್ಪಿದಂತೆ. ಜನರಲ್ ಮೋಟರ್ಸ್ ಮಾದರಿಯ ಕವಾಟದ ತುದಿ ಸುಮಾರು 28 ಮಿ.ಮೀ.ಗಿಂತ ಹೆಚ್ಚು ಹೊರಚಾಚಿದ್ದರೆ ಹಾಗೇ ಕೂರಿಸಬಾರದೆಂದು ದುರಸ್ತಿ ಕೈಪಿಡಿಗಳು ಎಚ್ಚರಿಸುವುದೂ ಇಂಥ ಹಾನಿ ತಪ್ಪಿಸಲೆಂದೇ.

ಕೊರೆದು ಮುಗಿದ ಮೇಲೆ ಒಂದು ಅಲ್ಯೂಮಿನಿಯಂ ಚೂರೂ ಒಳಗೆ ಉಳಿಯದಂತೆ ತೊಳೆಯಬೇಕು. ಉಳಿದ ಚೂರು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಬಳಿಕ ಒಂದು ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಹಗುರವಾಗಿ ಗಾಳಿ ಕೊಟ್ಟು, ಬಕೆಟ್ ನೀರಿನಲ್ಲಿ ಅದ್ದಿದರೆ ಸೋರಿಕೆ ಗುಳ್ಳೆಗಳಾಗಿ ಕಾಣುತ್ತದೆ. ಕವಾಟಕ್ಕೆ ನೀರು ತಗಲಬಾರದಾದ್ದರಿಂದ ಈ ಪರೀಕ್ಷೆಯಲ್ಲಿ ಅದರ ಜಾಗಕ್ಕೆ ಅದೇ ಅಳತೆಯ ಬಿರಡೆ ಹಾಕುತ್ತಾರೆ. ಕೊನೆಯದಾಗಿ, ಕವಾಟದ ಗಾಳಿಯನ್ನು ಫಿಲ್ಟರ್ ದಾಟಿದ ಮೇಲೆಯೇ ತೆಗೆದುಕೊಳ್ಳಬೇಕು. ಅದಿರಿನ ಕೆಂಪು ಧೂಳು ಕಂಡ ಜಿಲ್ಲೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕವಾಟ ಕೈಕೊಟ್ಟರೆ?

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳದ ವಿದ್ಯಾರ್ಥಿಯ ಕೆಲಸ ಎಷ್ಟು ಅಂದವಾಗಿದ್ದರೂ ಅರ್ಧ ಮಾತ್ರ ಮುಗಿದಿರುತ್ತದೆ. ತಂತಿ ತುಂಡಾಗಿ, ಇಲ್ಲವೇ ಮಸಿ ಕಟ್ಟಿ, ಕವಾಟ ಪೂರ್ತಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆ?

ಮನೆಯ ದಾರಿ ಅಗಲವಾಗಿದ್ದರೆ ಎಂಜಿನ್ ಅರಚಿಕೊಂಡು ಓಡುತ್ತದೆ. ಚಾಲಕ ಕಾಲು ತೆಗೆದಿದ್ದರೂ ಗಾಡಿ ಮುಂದಕ್ಕೆ ನುಗ್ಗುತ್ತದೆ. ಗೇರಿನಲ್ಲಿದ್ದು, ಎದುರಿಗೆ ಸಹಪಾಠಿಯೊಬ್ಬ ನಿಂತಿದ್ದರೆ ಅನಾಹುತ ತಪ್ಪಿದ್ದಲ್ಲ. ತಂತ್ರಾಂಶವನ್ನು ಎಷ್ಟೇ ಜಾಣತನದಿಂದ ಬರೆದಿದ್ದರೂ ಸಿಕ್ಕಿಕೊಂಡ ಕವಾಟ ಅದರ ಮಾತು ಕೇಳುವುದಿಲ್ಲ.

ಇದಕ್ಕೆ ಪರಿಹಾರ ಇರುವುದು ಮನೆಯಲ್ಲೇ. ಹೊರಬಾಯಿಯಲ್ಲಿ ಥ್ರೆಡ್ ಮಾಡಿ, ಕಾರ್ಬ್ಯುರೇಟರಿನಲ್ಲಿ ಇರುವಂಥ ಒಂದು ಹಿತ್ತಾಳೆ ಜೆಟ್ ಕೂರಿಸುವುದು. ಕವಾಟ ಎಷ್ಟೇ ತೆರೆದರೂ ಜೆಟ್ಟಿನ ತೂತಿಗಿಂತ ಹೆಚ್ಚು ಗಾಳಿ ಹೋಗಲಾರದು. ತಣ್ಣನೆಯ ಎಂಜಿನ್ ಚಾಲೂ ಆಗಲು, ಎ.ಸಿ. ಹೊರೆ ತಾಳಲು ಎಷ್ಟು ಬೇಕೋ ಅಷ್ಟೇ ದೊಡ್ಡ ತೂತು. ಸಣ್ಣದರಿಂದ ಶುರುಮಾಡಿ, ಸಾಲದಿದ್ದರೆ ಮಾತ್ರ ಅರ್ಧರ್ಧ ಮಿಲಿಮೀಟರ್ ಹಿಗ್ಗಿಸುತ್ತಾ ಹೋಗಬೇಕು. ಕೊರೆದ ಲೋಹ ಮರಳಿ ಬಾರದು. ಕವಾಟವನ್ನು ಬೇಕೆಂದೇ ಪೂರ್ತಿ ತೆರೆದಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಅಡ್ಡಕಟ್ಟಿ, ಶಿಕ್ಷಕರ ಎದುರಿನಲ್ಲಿ ವೇಗ ಎಲ್ಲಿಗೆ ನಿಲ್ಲುತ್ತದೆಂದು ನೋಡಿ ಬರೆದಿಡುವುದು ಕೊನೆಯ ಪರೀಕ್ಷೆ.

ಇದೇ ಈ ಪುಟ್ಟ ಅಲ್ಯೂಮಿನಿಯಂ ತುಂಡು ಕಲಿಸುವ ದೊಡ್ಡ ಪಾಠ. ಯಂತ್ರ ಸರಿಯಾಗಿರುವಾಗ ಕೆಲಸ ಮಾಡುವಂತೆ ರೂಪಿಸುವುದು ಸುಲಭ. ಕೆಟ್ಟಾಗಲೂ ಯಾರಿಗೂ ಕೇಡಾಗದಂತೆ ರೂಪಿಸುವುದೇ ಎಂಜಿನಿಯರಿಂಗ್.

ಓಟದ ಅಂಗಳ, ಊರಿನ ರಸ್ತೆ

ಇಂಥ ಕೆಲಸಕ್ಕೆ ನಿಜವಾದ ವೇದಿಕೆ ವಿದ್ಯಾರ್ಥಿಗಳ ಕಾರು ಸ್ಪರ್ಧೆಗಳು. 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ಫಾರ್ಮುಲಾ ಎಸ್‌ಎಇ ಪರಂಪರೆ ಭಾರತದಲ್ಲೂ ಬೇರೂರಿದೆ. ‘ಸುಪ್ರಾ ಎಸ್‌ಎಇ ಇಂಡಿಯಾ’ 2011ರಲ್ಲಿ ಶುರುವಾಯಿತು. ಕೊಯಮತ್ತೂರಿನ ಕಾರಿ ಮೋಟರ್ ಸ್ಪೀಡ್‌ವೇಯಲ್ಲಿ ‘ಫಾರ್ಮುಲಾ ಭಾರತ್’ ನಡೆದುಕೊಂಡು ಬಂದಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ಕಟ್ಟಿದ ‘ಅಶ್ವ ರೇಸಿಂಗ್’ ತಂಡ ಕರ್ನಾಟಕದಲ್ಲಿ ಈ ದಾರಿ ತುಳಿದ ಹೆಸರುಗಳಲ್ಲೊಂದು.

ಈ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ಅಡ್ಡಳತೆಯ ಒಂದೇ ಇಕ್ಕಟ್ಟಿನ ಮೂಲಕ ಹೋಗಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಐಡ್ಲಿಂಗ್ ಗಾಳಿಗೂ ವಿನಾಯಿತಿ ಇಲ್ಲ. ಆದ್ದರಿಂದ ಕವಾಟದ ಮನೆಯಿಂದ ಹೊರಟ ಪೈಪು ಥ್ರಾಟಲ್ ದಾಟಿ, ಆದರೆ ಆ ಇಕ್ಕಟ್ಟಿಗಿಂತ ಮೊದಲೇ, ಮುಖ್ಯ ದಾರಿಗೆ ಸೇರಬೇಕು. ಇಕ್ಕಟ್ಟಿನ ಆಚೆಗೆ ಸೇರಿಸಿದರೆ ಅದು ಕಳ್ಳದಾರಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ವರ್ಷದ ದುಡಿಮೆ ನೀರುಪಾಲು.

ಊರಿನ ರಸ್ತೆಯ ಮಾತು ಬೇರೆ. ಮನೆಯ ಕಾರಿಗೋ ಬೈಕಿಗೋ ಹೊರಗಿನ ಇಸಿಯು ಹಾಕಿ ಓಡಿಸುವ ಆಸೆ ಹುಡುಗರಿಗೆ ಬರುವುದು ಸಹಜ. ತಯಾರಕರು ನಿಗದಿ ಮಾಡಿದ ವಿವರಗಳನ್ನು ಮೀರಿ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಮಾಲೀಕರೆಂದರೆ ಹೆಚ್ಚಿನ ಮನೆಗಳಲ್ಲಿ ತಂದೆ ಇಲ್ಲವೇ ತಾಯಿ. ಪ್ರಯೋಗ ಏನಿದ್ದರೂ ಕಾಲೇಜಿನ ಎಂಜಿನ್ನಿನ ಮೇಲೆ, ಸ್ಪರ್ಧೆಯ ಅಂಗಳದಲ್ಲಿ.

ಹೆತ್ತವರ ಪ್ರಶ್ನೆ

‘ಇದನ್ನೆಲ್ಲ ಕಲಿತರೆ ಮಗನಿಗೆ, ಮಗಳಿಗೆ ಏನು ಸಿಗುತ್ತದೆ? ನಾಳೆ ವಿದ್ಯುತ್ ಕಾರು ಬಂದರೆ ಐಡ್ಲಿಂಗೇ ಇರುವುದಿಲ್ಲವಲ್ಲ’ ಎಂದು ಹೆತ್ತವರು ಕೇಳುವುದು ನ್ಯಾಯವೇ. ವಿದ್ಯುತ್ ಕಾರಿನಲ್ಲಿ ಈ ಕವಾಟ ಇಲ್ಲ, ನಿಜ. ಆದರೆ ಅದರ ಬ್ಯಾಟರಿಯನ್ನು ತಣ್ಣಗಿಡುವ ಅಲ್ಯೂಮಿನಿಯಂ ಫಲಕಕ್ಕೂ ಸೋರದ ಓರಿಂಗ್ ಬೇಕು, ನೇರವಾದ ತೂತು ಬೇಕು, ಕೆಟ್ಟಾಗ ಏನಾಗುತ್ತದೆಂಬ ಯೋಚನೆ ಬೇಕು. ಭಾಗ ಬದಲಾಗುತ್ತದೆ, ಕಸುಬು ಬದಲಾಗುವುದಿಲ್ಲ.

ಈ ಕಸುಬಿಗೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆಮೂಲೆಗೂ ಹೋದವು. ಆ ಕಾರ್ಖಾನೆ ಮುಚ್ಚಿಹೋಯಿತು. ಕೈಕೆಲಸದ ಅಗತ್ಯ ಮುಚ್ಚಿಹೋಗಲಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ ಕಲಿಸುತ್ತಿದೆ. ಐಟಿಐಗಳಲ್ಲಿ ಟರ್ನರ್, ಮೆಷಿನಿಸ್ಟ್ ತರಬೇತಿ ಎರಡು ವರ್ಷದ್ದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೂ ಸೇರಲು ಅವಕಾಶವಿದೆ. ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯಿತೆಂಬ ಅಳುಕು ಬೇಡ.

ಬಳ್ಳಾರಿಯಲ್ಲೇ 1980ರಲ್ಲಿ ಆರಂಭವಾಗಿ ಈಗ ರಾವ್ ಬಹದ್ದೂರ್ ವೈ. ಮಹಾಬಳೇಶ್ವರಪ್ಪ ಅವರ ಹೆಸರು ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿದೆ. 1997ರಲ್ಲಿ ಶುರುವಾದ ಬಳ್ಳಾರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಇದೆ. ಮೆಕ್ಯಾನಿಕಲ್ ಓದುವವರಿಗೂ, ಎಲೆಕ್ಟ್ರಾನಿಕ್ಸ್ ಓದುವವರಿಗೂ ಜೊತೆಯಾಗಿ ಮಾಡಲು ಇದಕ್ಕಿಂತ ಹದವಾದ ಪ್ರಾಜೆಕ್ಟ್ ಸಿಗುವುದು ಕಷ್ಟ. ಒಬ್ಬರು ಮನೆ ಕೊರೆದರೆ ಇನ್ನೊಬ್ಬರು ಕವಾಟಕ್ಕೆ ಹೆಜ್ಜೆ ಕಲಿಸಬಹುದು. ಸಿದ್ಧ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದು ಅಂಕ ಪಡೆಯುವ ದಾರಿ ಯಾವಾಗಲೂ ತೆರೆದೇ ಇರುತ್ತದೆ. ಆದರೆ ಸಂದರ್ಶನದಲ್ಲಿ ‘ಈ ತೂತು ಐದೇ ಮಿಲಿಮೀಟರ್ ಏಕೆ?’ ಎಂದು ಕೇಳಿದಾಗ ಉತ್ತರಿಸಬಲ್ಲವರು ಆ ತೂತನ್ನು ತಾವೇ ಕೊರೆದವರು ಮಾತ್ರ.

ಶುರುಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ಗುಜರಿಯಲ್ಲಿ ಬಿದ್ದಿರುವ ಹಳೆಯ ಇಂಜೆಕ್ಷನ್ ಕಾರಿನ ಥ್ರಾಟಲ್ ಭಾಗವೊಂದು, ಒಂದು ವರ್ನಿಯರ್, ಒಂದು ನೋಟ್‌ಬುಕ್ ಸಾಕು. ಕವಾಟವನ್ನು ಬಿಚ್ಚಿ, ಕಂಪನಿಯವರು ಅದಕ್ಕೆ ಕಟ್ಟಿದ ಮನೆ ಹೇಗಿದೆ, ಗಾಳಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆ, ಅತಿ ಇಕ್ಕಟ್ಟಾದ ಜಾಗ ಎಷ್ಟು ಮಿಲಿಮೀಟರ್ ಎಂದು ಅಳೆದು ಬರೆಯುವುದು ಒಂದು ಭಾನುವಾರದ ಕೆಲಸ. ಲೇತ್ ಮುಂದೆ ನಿಲ್ಲುವುದು ಆಮೇಲಿನ ಮಾತು.